ಊಟ ಮುಗೀಲಿ

ಫಾದರ್ ಚೌರಪ್ಪನವರಿಗೆ ಯಾರಿಗೂ ಇಲ್ಲ ಅನ್ನಲು ಬರುತ್ತಿರಲಿಲ್ಲ. ಹೊಳೆನರಸೀಪುರದ ಆ ಚರ್ಚಿಗೆ ಸೇರಿದವರಿಗೆಲ್ಲ ಇದು ಗೊತ್ತಿತ್ತು. ಫಾದರ್ ಹೂಂ ಅಂದರೆ ಅವರು ಅದರಲ್ಲಿ ಅರ್ಧ ಕಳೆದೇ ನಂಬುತ್ತಿದ್ದರು. ರಂಜಿನಿ ಚರ್ಚಿಗೆ ಸೇರಿದವಳಲ್ಲ. ಅವಳು ಪೂರ್ತಿ ನಂಬಿದ್ದಳು.

ಬಿ.ಎಡ್. ಮುಗಿಸಿ ಮನೆಯಲ್ಲಿ ಕೂತಿದ್ದವಳಿಗೆ ಶಿವರಾತ್ರಿಯ ಹೊತ್ತಿಗೆ ಫಾದರ್ ಹೇಳಿದ್ದರು: "ನಮ್ಮ ಸ್ಕೂಲಲ್ಲಿ ಕನ್ನಡ ಟೀಚರ್ ಪೋಸ್ಟ್ ಖಾಲಿ ಆಗುತ್ತಮ್ಮ. ಜೂನ್‌ಗೆ ನೀನೇ ಬಾ." ಅದರ ಬೆನ್ನಿಗೇ, ಬೇಸಿಗೆ ಶಿಬಿರಕ್ಕೆ ಯಾರಾದರೂ ಓದಿದವರು ಬೇಕಿತ್ತಲ್ಲ ಅಂದರು. ಅವಳು ಹೋದಳು. ಮಕ್ಕಳಿಗೆ ಓದು ಬರಹ ಹೇಳಿದಳು, ನಾಟಕ ಆಡಿಸಿದಳು. ಶಿಬಿರ ನಡೆಯುತ್ತಿದ್ದ ಸಭಾಭವನದ ತಗಡುಗಳು ಹಿಂದಿನ ವರ್ಷದ ಗಾಳಿಗೆ ಹಾರಿ ಹೋಗಿದ್ದವು. ಅರ್ಧ ಕೋಣೆಗೆ ಮೇಲೆ ಟಾರ್ಪಾಲು. ಅದರ ಕೆಳಗೆ ಮಕ್ಕಳು ರೊಟ್ಟಿಯ ಹಾಗೆ ಬೇಯುತ್ತಿದ್ದವು. ತಗಡು ಹಾಕಿಸಲು ಚರ್ಚಿನವರು ಕೂಪನ್ ಹಂಚಿ ಬಾಡೂಟ ಮಾಡುವುದೆಂದಾಯಿತು. ಕೂಪನ್ ಮಾರುವ ಕೆಲಸವೂ ರಂಜಿನಿಯ ಹೆಗಲಿಗೆ ಬಂತು.

ಕೋಟೆ ಬೀದಿಯ ಪ್ರಿಯಂವದಾ ಮೇಡಂ ಎರಡು ಕೂಪನ್‌ಗೆ ದುಡ್ಡು ಕೊಟ್ಟು ಕೂಪನ್ನು ಮುಟ್ಟಲಿಲ್ಲ. "ಬಾಡೂಟ ಅಲ್ವೇನಮ್ಮ? ನೀನೇ ಯಾರಿಗಾದ್ರೂ ಕೊಡು" ಅಂದರು. ರಂಜಿನಿ ಅವನ್ನು ತಂದು ಮನೆಯಲ್ಲಿ ಗಡಿಯಾರದ ಹಿಂದೆ ಸಿಕ್ಕಿಸಿದಳು.

ಕೆಲಸದ ವಿಚಾರ ಎತ್ತಿದಾಗಲೆಲ್ಲ ಫಾದರ್ ಅವಳ ತಲೆಯ ಮೇಲೆ ಕೈಯಿಟ್ಟು ಒಂದೇ ಮಾತು ಹೇಳುತ್ತಿದ್ದರು. "ಊಟ ಮುಗೀಲಮ್ಮ. ಕೂತು ಮಾತಾಡೋಣ."

ಮನೆಯಲ್ಲಿ ಅಪ್ಪ ದೇವಯ್ಯ ಸುಮ್ಮನಿರುವ ಆಸಾಮಿಯಲ್ಲ.

"ಗ್ವಾಡೆ ಮ್ಯಾಲೆ ಬುದ್ಧ ಕಣ್ಣು ಮುಚ್ಕಂಡು ಕುಂತವ್ನೆ. ಮಗ್ಳು ಚರ್ಚ್‌ನಾಗೆ ಕೂಪನ್ ಮಾರ್ತಾವ್ಳೆ. ಸಂಬ್ಳ ಏಟಂತವ್ವ?"

"ಸಂಬ್ಳ ಇಲ್ಲ ಕಣಪ್ಪ. ವಾಲಂಟಿಯರು."

"ಅಂಗಂದ್ರೆ?"

"ಸುಮ್ನೆ ಮಾಡ್ಕೊಡೋದು."

"ಅದಾ? ಅದು ನಮ್ಮಪ್ಪನ ಕಾಲ್ದಲ್ಲೂ ಇತ್ತು. ಬಿಟ್ಟಿ ಅಂತಿದ್ರು."

"ಉಣ್ಣಕ್ ಬಿಡಿ ಮಗೀನ" ಅಂದಳು ಅವ್ವ ಮುದ್ದಮ್ಮ.

ರಂಜಿನಿ ತಟ್ಟೆಯಲ್ಲಿದ್ದುದನ್ನು ಕಲಸುತ್ತಲೇ ಕೂತಿದ್ದಳು. ಅದಕ್ಕೆ ಅಪ್ಪನ ಮಾತು ಮಾತ್ರ ಕಾರಣವಲ್ಲ. ಅರಕಲಗೂಡಿನ ಒಂದು ಖಾಸಗಿ ಶಾಲೆಯ ಹೆಡ್‌ಮಾಸ್ತರು ಚಲುವನಾರಾಯಣ ಆ ದಿನ ಮತ್ತೆ ಫೋನು ಮಾಡಿದ್ದರು. ಸಂಬಳ ಕಡಿಮೆ, ಬೆಳಗಿನ ಬಸ್ಸು ತಪ್ಪಿದರೆ ಮೊದಲ ಪೀರಿಯಡ್ಡೇ ತಪ್ಪುತ್ತದೆ. ಆದರೆ ಆ ಮನುಷ್ಯ ನೇರವಾಗಿ ಹೇಳಿದ್ದ: "ಸೋಮವಾರ ಡೆಮೊ ಕ್ಲಾಸ್. ಬರ್ತೀರೋ ಇಲ್ವೋ ಭಾನುವಾರ ತಿಳಿಸಿ. ನನ್ನ ಹತ್ರ ಇನ್ನೊಬ್ಬರಿದ್ದಾರೆ."

ಬಾಡೂಟವೂ ಭಾನುವಾರವೇ.

ಅವತ್ತು ಒಳಗೆ ಪೂಜೆ ನಡೆಯುವಾಗ ರಂಜಿನಿ ಚರ್ಚಿನ ಹಿತ್ತಲಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಪೂಜೆಗೆ ಅವಳು ಯಾವತ್ತೂ ಕೂತವಳಲ್ಲ, ಬಾ ಅಂತ ಯಾರೂ ಒತ್ತಾಯ ಮಾಡಿರಲೂ ಇಲ್ಲ. ಒಳಗಿನ ಮೈಕು ಏನೇನೋ ಹೇಳುತ್ತಿತ್ತು. ಹೊರಗೆ ಗ್ಯಾಸ್ ಒಲೆಗಳ ಭೋರ್ಗರೆತದಲ್ಲಿ ಒಂದು ಮಾತೂ ತಿಳಿಯುತ್ತಿರಲಿಲ್ಲ. ಆಮೇಲೆ ಜನ ಹೊರಗೆ ಬಂದರು. ಅಂಗಳ ತುಂಬಿತು. ಶಾಮಿಯಾನದ ಕೆಳಗೆ ಸೆಕೆ ಇನ್ನೂ ಕೆಟ್ಟದಾಗಿತ್ತು. ಫಾದರ್ ಒಬ್ಬೊಬ್ಬರ ಬಳಿಗೂ ನಗುತ್ತ ಹೋಗುತ್ತಿದ್ದರು. ಕೆಲವರು ಅವರ ಕೊರಳಿಗೆ ಹಾರ ಹಾಕುತ್ತಿದ್ದರು. ಯಾಕೆಂದು ಅವಳಿಗೆ ಹೊಳೆಯಲಿಲ್ಲ. ನೀರು ಕೊಡುವ ನೆಪದಲ್ಲಿ ಒಮ್ಮೆ, ಎಲೆ ತರುವ ನೆಪದಲ್ಲಿ ಇನ್ನೊಮ್ಮೆ ಅತ್ತ ಹೋಗಿ ಬಂದಳು. ಮಾತಿಗೆ ಸಿಗಲಿಲ್ಲ.

ಹಿಟ್ಟಿನ ಹಂಡೆಯ ಮುಂದೆ ಜ್ಞಾನಮ್ಮ ಕೂತಿದ್ದಳು. ಆ ಚರ್ಚಿನಲ್ಲಿ ಎಲ್ಲ ಊಟಕ್ಕೂ ರಾಗಿ ಮುದ್ದೆ ಕಟ್ಟುವವಳು ಅವಳೇ. "ಏನವ್ವ, ಕಾಲ್ಗೆ ಇರುವೆ ಅತ್ತವಾ? ನಿಂತ್ಕಡೆ ನಿಂತ್ಕ. ಕೈ ನೀರಲ್ಲದ್ದು, ಇಟ್ಟು ಮಾಡು."

"ಫಾದರ್ ಹತ್ರ ಒಂದ್ ಮಾತು ಕೇಳದಿತ್ತು ಜ್ಞಾನಕ್ಕ."

"ಈವತ್ತೇ ಕೇಳ್ಬುಡು. ನಾಳಿಕ್ ಸಿಕ್ಕಕ್ಕಿಲ್ಲ."

"ಯಾಕೆ?"

"ವರ್ಗ ಆಯ್ತಲ್ಲವ್ವ! ಬೆಳಿಗ್ಗೆ ಪೂಜೇಲಿ ಅನೌನ್ಸ್ ಮಾಡುದ್ರಲ್ಲ. ಸ್ವಾಮ್ಗೋಳು ಬದ್ಲಾಗದು ಬ್ಯಾಸಿಗೇಲೆ ಅಲ್ವಾ? ಇವ್ರು ಬಂದು ಭಾಳ ವರ್ಸ ಆಯ್ತು, ಈ ಸಲ ಓಗೇ ಓಯ್ತಾರೆ ಅಂತ ನಮ್ಗೆಲ್ಲ ಗೊತ್ತಿತ್ತು. ನಿಂಗ್ ಗೊತ್ತಿರ್ಲಿಲ್ವಾ?"

ರಂಜಿನಿ ಕೈಯಲ್ಲಿದ್ದ ಮುದ್ದೆಯನ್ನು ಹಲಗೆಯ ಮೇಲೆ ಬಿಟ್ಟಳು. ಗೇಟಿನ ಹತ್ತಿರ ಒಂದು ಜೀಪು ನಿಂತಿತ್ತು. ಹಿಂದಿನ ಸೀಟಿನಲ್ಲಿ ಎರಡು ಸೂಟ್‌ಕೇಸು, ಒಂದು ಟೇಬಲ್ ಫ್ಯಾನು. ಬೆಳಿಗ್ಗೆಯಿಂದ ಅದರ ಪಕ್ಕದಲ್ಲೇ ಎಷ್ಟು ಸಲ ಓಡಾಡಿದ್ದಳೋ.

ನೇರ ಫಾದರ್ ಬಳಿ ಹೋದಳು. ಅವರು ಆಗಲೇ ಮೊದಲ ಪಂಕ್ತಿಗೆ ಕೂರಲು ಹೊರಟಿದ್ದರು. "ಫಾದರ್, ಒಂದ್ನಿಮಿಷ."

"ಓ, ರಂಜಿನಿ! ಎಷ್ಟು ಕೆಲಸ ಮಾಡಿದ್ದೀಯಮ್ಮ. ಊಟ ಮುಗೀಲಿ, ಕೂತು ಮಾತಾಡೋಣ."

ಹಾಗೆ ಹೇಳಿ ಉದ್ದನೆಯ ಮೇಜಿನಲ್ಲಿ ಎಲೆಯ ಮುಂದೆ ಕೂತರು. ಬಲಗಡೆಗೆ ಶಾಲೆಯ ಕಮಿಟಿಯ ಇನ್ನಾಸಪ್ಪ. ಸಾಲಿನ ಕೊನೆಯಲ್ಲಿ, ಗಡಿಯಾರದ ಹಿಂದಿದ್ದ ಕೂಪನ್ನು ಜೇಬಿನಲ್ಲಿ ಅರ್ಧ ಕಾಣುವಂತೆ ಇಟ್ಟುಕೊಂಡು ದೇವಯ್ಯ. ಬರಲ್ಲ ಅಂದಿದ್ದ ಅಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದಿದ್ದ.

ರಂಜಿನಿ ಹಿಂದಕ್ಕೆ ಬಂದು ಮುದ್ದೆಯ ತಟ್ಟೆ ಎತ್ತಿಕೊಂಡಳು. ಬಡಿಸುವುದು ಹುಡುಗರ ಕೆಲಸ. ಒಬ್ಬ ಹುಡುಗ ಕೈ ಚಾಚಿದ. ಅವಳು ಕೊಡಲಿಲ್ಲ. ಒಂದು ವಿಷಯ ಅವಳಿಗೆ ಆಗಷ್ಟೇ ಹೊಳೆದಿತ್ತು. ಪಂಕ್ತಿಯಲ್ಲಿ ಕೂತವರು, ಕೊನೆಯವನು ಉಂಡು ಮುಗಿಸುವ ತನಕ ಏಳುವಂತಿಲ್ಲ. ಎದ್ದರೆ ಇಡೀ ಸಾಲಿಗೆ ಅವಮಾನ. ಈ ಊರಲ್ಲಿ ಯಾವ ದೇವರ ಮನೆಯ ಊಟವಾದರೂ ಅಷ್ಟೇ. ಎಲೆ ಮುಂದೆ ಇರುವಷ್ಟು ಹೊತ್ತು ಫಾದರ್ ಎಲ್ಲಿಗೂ ಹೋಗಲಾರರು.

ಒಬ್ಬೊಬ್ಬರಿಗೆ ಮುದ್ದೆ ಇಡುತ್ತ ಬಂದಳು. ಹಿಂದೆಯೇ ಕೋಳಿ ಸಾರು ಬಂತು. ಫಾದರ್ ಮೊದಲ ತುತ್ತು ಸಾರಿನಲ್ಲಿ ಅದ್ದಿದರು. ಅವಳು ಮುಂದೆ ಸರಿಯಲಿಲ್ಲ.

"ಫಾದರ್, ಜೂನ್‌ಗೆ ನಾನು ಸ್ಕೂಲಿಗೆ ಬರ್ಬೇಕಾ, ಬೇಡ್ವಾ?"

"ಅಮ್ಮ, ಊಟ..."

"ಊಟ ಮುಗಿದ್ರೆ ನೀವು ಜೀಪು ಹತ್ತೀರಿ. ಈಗ್ಲೇ ಹೇಳಿ."

ಅಕ್ಕಪಕ್ಕದವರ ಕೈ ನಿಂತಿತು. ಇನ್ನಾಸಪ್ಪ ಮೂಳೆ ಚೀಪುವುದನ್ನು ಬಿಟ್ಟು ತಲೆಯೆತ್ತಿದ. "ಯಾವ್ದವ್ವ, ಕನ್ನಡ ಪೋಸ್ಟಾ? ಅದು ಶಿಬಿರ ಸುರು ಆಗಕ್ ಮುಂಚೇನೆ ಆಗೋಯ್ತಲ್ಲ ಸ್ವಾಮಿ? ಆಸನದ ಕಾನ್ವೆಂಟಿಂದ ಸಿಸ್ಟರೊಬ್ರು ಬತ್ತವ್ರೆ. ಮೀಟಿಂಗಲ್ಲಿ ನೀವೂ ಇದ್ರಲ್ಲ."

ಫಾದರ್ ಎಲೆಯನ್ನೇ ನೋಡುತ್ತಿದ್ದರು. ಹಣೆಯಿಂದ ಬೆವರು ಇಳಿದು ಮೂಗಿನ ತುದಿಗೆ ಬಂದಿತ್ತು. ಒರೆಸಲು ಬಲಗೈ ಎಂಜಲು.

"ನಿಮಗೆ ಗೊತ್ತಿತ್ತಾ ಫಾದರ್?"

"ಹೇಳೋಣ ಅಂತಲೇ ಇದ್ದೆ. ನಿನಗೆ ಬೇಜಾರಾಗುತ್ತೆ ಅಂತ..."

"ಬೇಜಾರಾಗಿ ಶಿಬಿರ ಬಿಟ್ಟು ಹೋಗ್ತೀನಿ ಅಂತಾನಾ?"

ಅದಕ್ಕೂ ಅವರು ಇಲ್ಲ ಅನ್ನಲಿಲ್ಲ.

"ಹೊಸ ಫಾದರ್‌ಗೆ ನಿನ್ನ ವಿಷಯ ಹೇಳಿ ಹೋಗ್ತೀನಮ್ಮ. ಮುಂದಿನ ವರ್ಷ ಖಂಡಿತ" ಅಂದರು. ಅವರ ದನಿಯಲ್ಲಿ ಮೋಸವಿರಲಿಲ್ಲ. ಹೇಳುವಾಗ ಅವರು ಅದನ್ನು ನಂಬಿಯೇ ಹೇಳುತ್ತಿದ್ದರು. ರಂಜಿನಿಗೆ ಸಿಟ್ಟು ಬಂದದ್ದು ಅದಕ್ಕೆ.

"ಬೇಡಿ ಫಾದರ್. ಯಾರಿಗೂ ಏನೂ ಹೇಳ್ಬೇಡಿ."

ಸಾಲಿನ ಕೊನೆಯಿಂದ ಗಟ್ಟಿಯಾಗಿ ಕೂಗು ಬಂತು. "ಅವ್ವಾ, ಈ ಕಡಿಕ್ ಇಟ್ಟೇ ಬರ್ನಿಲ್ಲ!"

ಅವಳು ಹೋಗಿ ಅಪ್ಪನ ಎಲೆಗೆ ಮುದ್ದೆ ಇಟ್ಟಳು. ದೇವಯ್ಯನಿಗೆ ಎಲ್ಲ ಕೇಳಿಸಿತ್ತು. ಬಿಟ್ಟಿ ಅಂತ ಈಗ ಒಂದು ಮಾತು ಆಡುತ್ತಾನೆ ಅಂದುಕೊಂಡು ಕಾದಳು. ಅವನು ದನಿ ತಗ್ಗಿಸಿ ಕೇಳಿದ: "ಎದ್ದೋಗನಾ?"

"ಪಂಕ್ತೀಲಿ ಏಳ್ಬಾರ್ದು. ನೀನುಣ್ಣು."

"ಉಣ್ತೀನಿ ಬಿಡು. ಕ್ವಾಟೆ ಬೀದಿ ಮೇಡಮ್ಮ ಕಾಸು ಕೊಟ್ಟವ್ರೆ." ಮುದ್ದೆ ಮುರಿದು, "ಸಾರು ಚೆಂದಾಗದೆ, ಇಟ್ಟು ವಸಿ ಗಟ್ಟಿ" ಅಂದ. "ಅರಕಲಗೂಡಿನ ಮೇಷ್ಟ್ರುಗೆ ಫೋನ್ ಮಾಡ್ದಾ?"

ರಂಜಿನಿ ನಲ್ಲಿಯ ಬಳಿ ಹೋಗಿ ಕೈ ತೊಳೆದಳು. ಉಗುರಿನ ಸಂದಿಯಲ್ಲಿ ರಾಗಿ ಉಳಿದೇ ಇತ್ತು. ಕಿರುಬೆರಳಿನಿಂದ ನಂಬರು ಒತ್ತಿದಳು.

"ಸರ್, ರಂಜಿನಿ. ನಾಳೆ ಬರ್ತೀನಿ."

"ಪಕ್ಕಾನಾ? ಬೇರೆ ಕಡೆ ಒಳ್ಳೇದು ಸಿಕ್ತು ಅಂತ ನಡುವೆ ಬಿಟ್ಟು ಹೋಗಲ್ಲ ತಾನೆ?"

"ಸಿಕ್ರೆ ಹೋಗ್ತೀನಿ ಸರ್."

ಆ ಕಡೆ ಚಲುವನಾರಾಯಣ ಕೆಮ್ಮಿದರೋ ನಕ್ಕರೋ. "ಆಯ್ತು, ಬನ್ನಿ. ಕ್ಲಾಸ್ ನೋಡಿ ಹೇಳ್ತೀನಿ."

"ಸೆಲೆಕ್ಟ್ ಆದ್ರೆ ಆರ್ಡರ್ ಕಾಪಿ ನಾಳೇನೇ ಕೊಡ್ತೀರಾ ಸರ್?"

"ಬನ್ನಿ ಮೊದ್ಲು" ಅಂದು ಅವರು ಫೋನಿಟ್ಟರು.

ಅದೂ ಹೂಂ ಅಲ್ಲ, ಇಲ್ಲ ಅಂತಲೂ ಅಲ್ಲ. ಆದರೆ ನಾಳೆ ಸಂಜೆಗೆ ಎರಡರಲ್ಲೊಂದು ಆಗಿರುತ್ತದೆ. ಬ್ಯಾಗು ಎತ್ತಿಕೊಂಡು ಹೊರಟುಬಿಡೋಣ ಅನಿಸಿ ಗೇಟಿನ ಕಡೆ ನೋಡಿದಳು. ಅಷ್ಟರಲ್ಲಿ ಮೊದಲ ಪಂಕ್ತಿ ಎದ್ದಿತ್ತು, ಎರಡನೆಯ ಪಂಕ್ತಿಗೆ ಶಿಬಿರದ ಮಕ್ಕಳು ನುಗ್ಗಿ ಕೂತು, "ಮಿಸ್, ಮುದ್ದೆ! ಮಿಸ್, ನಮ್ಗೆ!" ಅಂತ ಮೇಜು ಬಡಿಯತೊಡಗಿದವು. ಅವುಗಳ ಕೈಯಲ್ಲಿದ್ದ ಕೂಪನ್‌ಗಳನ್ನು ಮನೆಮನೆಗೆ ಹೋಗಿ ಮಾರಿದವಳು ಅವಳೇ.

ಹಂಡೆಯ ಮುಂದೆ ಕೂತು ಕೈ ನೀರಲ್ಲಿ ಅದ್ದಿದಳು. ಗೇಟಿನ ಬಳಿ ಜೀಪು ಶುರುವಾಯಿತು. ಜನ ಸುತ್ತ ನೆರೆದರು, ಯಾರೋ ಅತ್ತರು.

"ಸ್ವಾಮ್ಗೋಳು ಒಂಟ್ರು ಕಣವ್ವ" ಅಂದಳು ಜ್ಞಾನಮ್ಮ, ಸೆರಗಿನಿಂದ ಕಣ್ಣೊರೆಸುತ್ತ. "ಓಗಿ ಕೈ ಮುಗ್ದು ಬರಕ್ಕಿಲ್ವಾ?"

"ನೀವು ಓಗ್ಬನ್ನಿ ಜ್ಞಾನಕ್ಕ" ಅಂದಳು ರಂಜಿನಿ. "ಇಟ್ಟು ಆರೋಯ್ತದೆ."