ಬೆವರದ ಕುತ್ತಿಗೆ

ಕುತ್ತಿಗೆಯಲ್ಲಿ ಬೆವರಿಲ್ಲ, ಬೂದುಗುಂಬಳ ಹೆಚ್ಚುತ್ತಿದ್ದ ಪೇಯ್‌ಯಿಂಗ್‌ಗೆ ಥಟ್ಟನೆ ಹೊಳೆದದ್ದು ಅದು, ಶಾವ್‌ಶಿಂಗ್ ಊರಿಗೆ ಊರೇ ಸೆಕೆಯಲ್ಲಿ ಬೇಯುತ್ತಿದೆ, ಕಿಟಕಿಯಾಚೆ ಕಾಲುವೆಯ ನೀರೂ ಅಲುಗಾಡಲು ಬೇಸರಪಟ್ಟು ಬಿದ್ದಿದೆ, ಅವಳ ಕುತ್ತಿಗೆ ಮಾತ್ರ ಒಣಗಿದೆ, ಬೆರಳಿಟ್ಟು ನೋಡಿಕೊಂಡಳು, ಹೌದು, ಒಣಗಿದೆ, ಎಂಥ ಸುಖ — ಹೋದ ಚಳಿಗಾಲದಲ್ಲಿ ಹೊರಗೆ ಹಿಮ ಬೀಳುವಾಗಲೂ ಹೊಟ್ಟೆಯಿಂದ ಎದ್ದ ಬಿಸಿ ಎದೆಗೇರಿ, ಉಳಿದಿರುವ ಒಂದೇ ಎದೆಗೇರಿ, ಕಿವಿಯ ಹಿಂದೆ ನೀರಾಗಿ ಇಳಿಯುತ್ತಿತ್ತು, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಮಾದರಿಗಳ ಛಾಯೆ ಹೋಲಿಸುವಾಗ ಬೆವರು ತೊಟ್ಟಿಕ್ಕಿ ಒಂದಿಡೀ ರೇಷ್ಮೆ ತುಂಡು ಹಾಳಾಗಿತ್ತು, ಸಹಿಸ್ಕೊಳ್ಳಿ, ಗುಳಿಗೆ ಕೆಲಸ ಮಾಡ್ತಿದೆ ಅಂತ ಅರ್ಥ, ಅಂದಿದ್ದರು ಡಾಕ್ಟರಮ್ಮ, ನಿಮ್ಮ ಗಡ್ಡೆಗೆ ನಿಮ್ಮ ಹೆಣ್ಣು ಹಾರ್ಮೋನೇ ಊಟ, ಕತ್ತರಿಸಿ ತೆಗೆದಿದೀವಿ, ಎಲ್ಲಾದ್ರೂ ಒಂದು ಕಣ ಉಳಿದಿದ್ರೆ ಅದಕ್ಕೆ ಊಟ ಸಿಗಬಾರದು, ಅದಕ್ಕೇ ಈ ಗುಳಿಗೆ, ಐದು ವರ್ಷ, ಬೇಕಾದ್ರೆ ಹತ್ತು, ಒಂದು ದಿನಾನೂ ಬಿಡೋ ಹಾಗಿಲ್ಲ — ಬಿಟ್ಟಿಲ್ಲ, ಬೆಳಗ್ಗೆ ಗಂಜಿಯಾದ ಮೇಲೆ ಒಂದು, ಬಿಟ್ಟೇ ಇಲ್ಲ, ಮೈ ಒಗ್ಗಿಕೊಂಡಿತೇನೋ, ಪಾಪ, ಅದೂ ಎಷ್ಟು ದಿನ ಅಂತ ಜಗಳವಾಡೀತು. ಬೆನ್ನಿಗೆ ಗಾಳಿ ಬಡಿಯಿತು, ಹಿಂದೆ ಬಿದಿರಿನ ಸ್ಟೂಲಿನ ಮೇಲೆ ಅಮ್ಮ, ಕೈಯಲ್ಲಿ ನೀಲಿ ಅಂಚು ಕಟ್ಟಿದ ತಾಳೆಗರಿ ಬೀಸಣಿಗೆ, ಭಾನುವಾರ ಬಂದರೆ ಸಾಕು ಅವಳಿಗೆ ಮಗಳ ಬೆನ್ನೇ ಕೆಲಸ, ಬೇಡಮ್ಮ, ಸೆಕೆ ಇಲ್ಲ ನಂಗೆ, ಸುಮ್ನಿರೇ, ಬೀಸೋರು ಸಿಗ್ತಾರೆ ಅಂತ ಸಂತೋಷಪಡು.

ಇದೇ ಬೀಸಣಿಗೆ, ಅಂಚು ಮಾತ್ರ ಆಗ ಹೊಸದು, ಆಸ್ಪತ್ರೆಯ ಮಂಚದ ಪಕ್ಕ ಕೂತು ಅಮ್ಮ ಅಪ್ಪನಿಗೆ ಬೀಸುತ್ತಿದ್ದಳು, ಹುಣ್ಣು ಕಣ್ರೀ, ಹೊಟ್ಟೇಲಿ ಬರೀ ಹುಣ್ಣು, ಗಂಜಿ ಕುಡೀರಿ ಮಾಯುತ್ತೆ, ನಗುನಗುತ್ತಲೇ ಹೇಳುತ್ತಿದ್ದಳು, ವಾರ್ಡಿಗೆ ವಾರ್ಡೇ ಗೊತ್ತಿದ್ದ ರೋಗದ ಹೆಸರು ಅಪ್ಪನೊಬ್ಬನಿಗೆ ಗೊತ್ತಿರಲಿಲ್ಲ, ಯಾರ ಮನೆಯಲ್ಲಿ ಹೇಳುತ್ತಾರೆ ಹೇಳಿ, ತಡೆದುಕೊಳ್ಳಲಾರದವರ ಕಿವಿಗೆ ಆ ಹೆಸರು ಹಾಕುವವರು ಮನುಷ್ಯರೇ — ಅಪ್ಪ ಹೋದ ಮೇಲೆ ಅಮ್ಮ ಮೆಟ್ಟಿಲ ಮೇಲೆ ಕುಸಿದಳು, ಅದಕ್ಕೇ ಪೇಯ್‌ಯಿಂಗ್‌ಳ ರಿಪೋರ್ಟು ಬಂದಾಗ ಅವಳ ಗಂಡ ಗುವಾಂಗ್‌ಝೆ ಅಂದ, ಅತ್ತೆಗೆ ಹೇಳೋದು ಬೇಡ, ಅವರ ಜೀವ ಹೋಗುತ್ತೆ, ಆಪರೇಷನ್ನಿಗೆ ಹಾಂಗ್‌ಝೋ ನಗರದಲ್ಲಿ ಕೆಲಸದ ತರಬೇತಿ ಎಂದು ಹೆಸರಾಯಿತು, ಬೆವರಿಗೆ ಕಾಲಕ್ಕೆ ಮುಂಚೆ ಮುಟ್ಟು ನಿಂತದ್ದು ನೆಪವಾಯಿತು, ಗುಳಿಗೆಯನ್ನು ಅದರ ಪಟ್ಟಿಯಿಂದ ಬಿಡಿಸಿ ಬಿ ವಿಟಮಿನ್ ಡಬ್ಬಿಗೆ ತುಂಬುವ ಉಪಾಯವೂ ಅವನದೇ, ಜಾಣ, ಎಷ್ಟು ಜಾಣ. ಅಮ್ಮ ಇನ್ನೂ ಮಾತಾಡುತ್ತಲೇ ಇದ್ದಳು, ನಿನ್ನ ಕುತ್ತಿಗೆ ಒಣಗಿದ್ದು ಯಾರಿಂದ ಹೇಳು, ನೀನಂತೂ ಒಂದು ಮಾತು ಹೊಗಳ್ಲಿಲ್ಲ, ಯಾರಿಂದಮ್ಮ, ನನ್ನಿಂದ ಕಣೇ, ಮಳೆಗಾಲ ಮುಗಿದ ಮೇಲೆ ಬೂಷ್ಟು ಹಿಡಿದದ್ದನ್ನೆಲ್ಲ ಬಿಸಿಲಿಗೆ ಹಾಕೋ ಹಬ್ಬದ ದಿನ ನಿಮ್ಮನೆ ರಗ್ಗು, ಕೋಟು, ಚಾಪೆ ಎಲ್ಲ ಹರವಿದ್ನಲ್ಲ, ನೀವಿಬ್ರೂ ಕೆಲಸಕ್ಕೆ ಹೋಗಿದ್ರಿ, ಆ ವಿಟಮಿನ್ ಡಬ್ಬಿ ಮುಚ್ಚಳ ತೆಗೆದೆ, ಮುಗ್ಗಲು ವಾಸ್ನೆ, ಇಂಥದ್ದು ತಿಂತಾಳಲ್ಲ ನನ್ನ ಮಗಳು ಅಂತ ಹೊಟ್ಟೆ ಉರೀತು, ಎಲ್ಲ ಸುರಿದು ಮೂಲೆ ಅಂಗಡಿಯಿಂದ ಹೊಸಾದು ತಂದು ತುಂಬಿಸಿಟ್ಟೆ, ಈಗ ನೋಡು, ಒಳಗಿನ ಬೆಂಕಿ ಹೇಗೆ ಆರಿದೆ, ಅಮ್ಮನಿಗೆ ಏನೂ ಗೊತ್ತಾಗಲ್ಲ ಅಂತೀರಲ್ಲ.

ಚಾಕು ಬೂದುಗುಂಬಳದಲ್ಲೇ ನಿಂತಿತು. ಬಿಳುಪು, ಆ ಬಿಳುಪು, ಒಂದು ಬೆಳಗ್ಗೆ ಅಂಗೈಯಲ್ಲಿದ್ದ ಗುಳಿಗೆ ಒಂದು ಛಾಯೆ ಹೆಚ್ಚು ಬೆಳ್ಳಗಿತ್ತು, ಅಕ್ಕಿಯ ಬಿಳುಪಲ್ಲ, ಸುಣ್ಣದ ಬಿಳುಪು, ಹತ್ತಾರು ಬಿಳುಪುಗಳನ್ನು ಬೇರ್ಪಡಿಸಿ ಸಂಬಳ ತೆಗೆದುಕೊಳ್ಳುವ ಕಣ್ಣು ಅದನ್ನು ನೋಡಿತ್ತು, ಗುವಾಂಗ್‌ಝೆ ಹೊಸ ಪಟ್ಟಿ ಒಡೆದಿರಬೇಕು ಅಂದುಕೊಂಡು ನುಂಗಿದ್ದಳು, ಆಮೇಲೆ ಬೆವರು ಕಡಿಮೆಯಾಯಿತು, ನಿದ್ದೆ ಬಂತು, ಅವಳು ಹಾಡು ಗುನುಗಿದಳು, ಅಯ್ಯೋ ದೇವರೇ, ಗುನುಗಿದಳು, ಅಷ್ಟು ದಿನವೂ ಅದಕ್ಕೆ ಊಟ ಹೋಗುತ್ತಿತ್ತು, ಎಲ್ಲೋ ಒಂದು ಕಣ, ಇದ್ದರೆ, ಇಲ್ಲದೆಯೂ ಇರಬಹುದು, ನಾಳೆಯೇ ಡಾಕ್ಟರಮ್ಮನ ಹತ್ತಿರ, ಹೆದರಿಕೆ, ಅಮ್ಮನ ಮೇಲೆ ಸಿಟ್ಟು, ಇಲ್ಲ, ಸಿಟ್ಟೆಲ್ಲಿ, ಮಗಳು ಮುಗ್ಗಲು ತಿನ್ನಬಾರದೆಂದು ಬಿಸಿಲಲ್ಲಿ ಅಂಗಡಿಗೆ ನಡೆದವಳ ಮೇಲೆ ಎಂಥ ಸಿಟ್ಟು — ಅಮ್ಮ, ಹಳೇ ಗುಳಿಗೆ ಎಲ್ಲಿ ಸುರಿದೆ, ಕಸಕ್ಕೆ, ಇನ್ನೆಲ್ಲಿಗೆ, ಅದೇನು ಮುತ್ತೇ, ಬೆನ್ನ ಮೇಲೆ ಗಾಳಿ, ಮತ್ತೆ ಗಾಳಿ, ಅಲ್ವೇ, ವಿಟಮಿನ್ನಿಗೆ ಯಾರಾದ್ರೂ ಅಳ್ತಾರೇನೇ, ಅಳುತ್ತಿದ್ದೇನೆಯೇ, ಹೌದು, ಕುಂಬಳದ ಹೋಳಿನ ಮೇಲೆ ಬೀಳುತ್ತಿದೆ, ಈರುಳ್ಳಿ ಅನ್ನೋಣವೆಂದರೆ ಹಲಗೆಯ ಮೇಲೆ ಈರುಳ್ಳಿಯಿಲ್ಲ, ಏನಾದರೂ ಹೇಳಬೇಕು, ಒಂದು ಸುಳ್ಳು, ಸಣ್ಣದು, ಇಷ್ಟು ದಿನ ಎಷ್ಟು ಸಲೀಸಾಗಿ ಬರುತ್ತಿತ್ತು, ಬೆನ್ನಿಗೆ ಗಾಳಿ ಬರಲಿಲ್ಲ, ಮತ್ತೆ ಬರಲಿಲ್ಲ, ಪೇಯ್‌ಯಿಂಗ್, ಅಮ್ಮನ ದನಿ ತೀರ ಮೆಲ್ಲಗೆ, ಆಸ್ಪತ್ರೆಯ ಮಂಚದ ಪಕ್ಕದ ದನಿ, ನಿನಗೂ ಹುಣ್ಣೇನೇ, ತಿರುಗಿ ನೋಡಿದಳು, ಬೀಸಣಿಗೆ, ಎತ್ತಿದ ಕೈಯಲ್ಲಿ, ನೀಲಿ ಅಂಚು, ಗಾಳಿಯಲ್ಲೇ ನಿಂತ ಬೀಸಣಿಗೆ.