ಹರಿಹರದ ಹಂಡೆ ಮತ್ತು ಒಂದು ಹಿಡಿ ಕೊಸರು

ಸಾವಿರದ ಒಂಬೈನೂರ ಐವತ್ತೊಂಬತ್ತನೆಯ ಇಸವಿಯಲ್ಲಿ, ನನ್ನ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಹರಿಹರದ ತಾಮ್ರದ ವ್ಯಾಪಾರಿ ಉಜ್ಜನಪ್ಪನನ್ನು ನಾನು ಚೌಕಾಸಿಯಲ್ಲಿ ಸೋಲಿಸಿದೆ. ಸುತ್ತಲಿನ ನಾಲ್ಕು ತಾಲ್ಲೂಕುಗಳಲ್ಲಿ ಆತನಿಂದ ಒಂದು ಕಾಸು ಇಳಿಸಿದವರು ಹುಟ್ಟಿರಲಿಲ್ಲ. ನಾನಾದರೋ ಹೊಸದಾಗಿ ಮದುವೆಯಾದ ಶಾಲಾ ಮೇಷ್ಟ್ರು. "ಪಾಠ ಹೇಳೋರಿಗೆ ವ್ಯಾಪಾರ ಎಲ್ಲಿ ಬರಬೇಕು" ಎಂದು ಮಾವನವರು ಆಡಿದ ಮಾತು ಎದೆಯಲ್ಲಿ ಮುರಿದ ಮುಳ್ಳಿನಂತೆ ಉಳಿದಿತ್ತು. ಬೆಳಿಗ್ಗೆ ಎಂಟಕ್ಕೆ ಉಜ್ಜನಪ್ಪನ ಕಟ್ಟೆಯ ಮೇಲೆ ಕುಳಿತವನು ಸಂಜೆ ನಾಲ್ಕರವರೆಗೆ ಅವನು ಕೊಟ್ಟ ನೀರನ್ನೂ ಮುಟ್ಟಲಿಲ್ಲ. ಮೂರು ಸಲ ಎದ್ದು ನಡೆದೆ; ಮೂರು ಸಲವೂ ಅವನೇ ಕೂಗಿ ಕರೆದ. ಕೊನೆಗೆ, ನಾಲ್ಕು ಕೊಡ ನೀರು ಹಿಡಿಯುವ ತಾಮ್ರದ ಹಂಡೆಯೊಂದನ್ನು ಹೇಳಿದ ಬೆಲೆಯ ಅರ್ಧಕ್ಕೆ ಕೊಟ್ಟು, "ತಗಂಡ್ ಹೋಗಪ್ಪಾ. ನಿನ್ನಂಥ ಗಿರಾಕಿ ದಿನಕ್ಕೊಬ್ಬ ಬಂದ್ರೆ ನಾನು ಮಠ ಸೇರ್ಕಬೇಕು" ಎಂದು ಕೈಮುಗಿದ.

ಬಸ್ಸಿನವನು ಹಂಡೆಯನ್ನು ಹತ್ತಿಸಿಕೊಳ್ಳಲಿಲ್ಲ. ಅದನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ದಾವಣಗೆರೆಯವರೆಗೆ ಒಂಬತ್ತು ಮೈಲಿ ನಡೆದೆ. ಬಾತಿಯ ನಾಯಿಗಳು ನನ್ನನ್ನು ಮನುಷ್ಯನೆಂದು ಒಪ್ಪದೆ ಊರಾಚೆಯವರೆಗೂ ಬೊಗಳುತ್ತ ಬೀಳ್ಕೊಟ್ಟವು. ಆ ಹಂಡೆ ಇಂದಿಗೂ ಕೆ.ಬಿ. ಬಡಾವಣೆಯ ನಮ್ಮ ಬಚ್ಚಲ ಒಲೆಯ ಮೇಲಿದೆ. "ನಲವತ್ತು ವರ್ಷದಲ್ಲಿ ಒಂದು ಹನಿ ಸೋರಿಲ್ಲ" ಎಂಬ ವಾಕ್ಯದಿಂದ ಈ ವೃತ್ತಾಂತವನ್ನು ಮುಗಿಸುವುದು ನನ್ನ ವಾಡಿಕೆ.

ಇದನ್ನು ನಾನು ಅತಿ ಹೆಚ್ಚು ಸಲ ಹೇಳಿದ್ದು ನಬೀ ಸಾಬನ ಕಿರಾಣಿ ಅಂಗಡಿಯಲ್ಲಿ. ನಮ್ಮ ಮನೆಯಿಂದ ನಾಲ್ಕನೆಯ ಬಾಗಿಲು; ಹಿತ್ತಲಲ್ಲಿ ಅವನದೇ ಮಂಡಕ್ಕಿ ಭಟ್ಟಿ. ತಕ್ಕಡಿಯ ಪಕ್ಕದಲ್ಲಿ ಒಂದು ಮರದ ಸ್ಟೂಲು. ನಿವೃತ್ತನಾದಂದಿನಿಂದ ದಿನವೂ ಬೆಳಿಗ್ಗೆ ಒಂಬತ್ತರಿಂದ ಹತ್ತೂವರೆಯವರೆಗೆ ಅದು ನನ್ನ ಪೀಠ. ಅಲ್ಲಿ ಕುಳಿತು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದೆ, ಸರ್ಕಾರವನ್ನು ತಿದ್ದುತ್ತಿದ್ದೆ, ಬಂದವರಿಗೆ ಹಂಡೆಯ ಕಥೆಯನ್ನು ಹೇಳುತ್ತಿದ್ದೆ. ನನಗಿಂತ ಹತ್ತು ವರ್ಷ ಚಿಕ್ಕವನಾದ ನಬೀ ಸಾಬ ಪ್ರತಿಸಲವೂ ಹೊಸದಾಗಿ ಕೇಳುವವನಂತೆ, "ಆಮೇಲೆ, ಮೇಷ್ಟ್ರೆ?" ಎನ್ನುತ್ತಿದ್ದ.

ಆ ಪೀಠವನ್ನು ನಾನೇ ಕಳೆದುಕೊಂಡೆ, ಅದೂ ಧ್ವನಿವರ್ಧಕದ ಮುಂದೆ ನಿಂತು.

ದಾವಣಗೆರೆ ಜಿಲ್ಲೆಯಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಜಿಲ್ಲೆಯಾದ ಮೇಲೆ ಊರಿಗೆ ತಕ್ಕ ಅಂಗಡಿ ಬೇಡವೇ ಎಂದು ನನ್ನ ಹಳೆಯ ವಿದ್ಯಾರ್ಥಿ ಕರಿಬಸವರಾಜನಿಗೆ ಅನ್ನಿಸಿತು. ಅವನು ಏಳನೆಯ ತರಗತಿಯಲ್ಲಿ ಎರಡು ವರ್ಷ ಕುಳಿತು ಆ ತರಗತಿಯನ್ನು ಆಮೂಲಾಗ್ರ ತಿಳಿದುಕೊಂಡವನು. ಪಿ.ಜೆ. ಬಡಾವಣೆಯಲ್ಲಿ 'ಸಿರಿಸಂಪದ ಸೂಪರ್ ಮಾರ್ಕೆಟ್' ಎಂಬ ಗಾಜಿನ ಮಳಿಗೆಯನ್ನು ಕಟ್ಟಿ, ಟೇಪು ಕತ್ತರಿಸಲು ನನ್ನನ್ನು ಕರೆದ. ಶಾಲು, ಹಾರ, ಫಲತಾಂಬೂಲದ ತಟ್ಟೆ, ಮೈಕು. ಮೈಕು ಕೈಗೆ ಬಂದರೆ ಸಂಯಮ ಕೈಬಿಡುವುದು ನನ್ನ ಕಸುಬಿನವರ ಹಳೆಯ ರೋಗ. "ಹರಿದ ಕಾಗದದ ಪೊಟ್ಟಣ, ಬೆಲ್ಲದ ಮೇಲಿನ ನೊಣ, ತಕ್ಕಡಿಯ ಮೇಲಿನ ಬೆರಳು, ಇವುಗಳ ಯುಗ ಇಂದಿಗೆ ಮುಗಿಯಿತು!" ಎಂದು ಘೋಷಿಸಿದೆ. ಚಪ್ಪಾಳೆ ಬಿತ್ತು. ಮೂರನೆಯ ಸಾಲಿನಲ್ಲಿ, ನನ್ನದೇ ಆಹ್ವಾನದ ಮೇರೆಗೆ ಬಂದಿದ್ದ ನಬೀ ಸಾಬ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕುಳಿತು, ಎಲ್ಲರೊಡನೆ ತಾನೂ ಚಪ್ಪಾಳೆ ತಟ್ಟುತ್ತಿದ್ದ.

ಮರುದಿನ ಸ್ಟೂಲಿನ ಕಡೆಗೆ ಹೋಗಲು ಕಾಲು ಬರಲಿಲ್ಲ. ಆಡಿದ ಮೇಲೆ ನಡೆದು ತೋರಿಸಬೇಕಷ್ಟೆ. ಸಿರಿಸಂಪದಕ್ಕೇ ಹೋದೆ.

ಅಲ್ಲಿಯ ವೈಭವವನ್ನು ಏನೆಂದು ವರ್ಣಿಸಲಿ! ಬಾಗಿಲಲ್ಲಿ ನಿಂತ ಸಮವಸ್ತ್ರದವನು ನಮಸ್ಕಾರ ಹೇಳಿ, ಮೊದಲ ಕೆಲಸವಾಗಿ ನಿಮ್ಮ ಚೀಲವನ್ನು ಕಿತ್ತುಕೊಂಡು ಸಂಖ್ಯೆಯ ಬಿಲ್ಲೆಯೊಂದನ್ನು ಕೊಡುತ್ತಾನೆ. ಗಿರಾಕಿ ಕಳ್ಳನೆಂಬುದು ಅಲ್ಲಿಯ ಮೊದಲ ನಂಬಿಕೆ. ಒಳಗೆ ಆಸ್ಪತ್ರೆಯಂಥ ಬೆಳಕು, ಶವಾಗಾರದಂಥ ತಂಪು. ಒಂದು ಸೋಪು ಕೊಳ್ಳಲು ಬಂದವನು ಒಂಬತ್ತು ಬಗೆಯ ಸೋಪುಗಳ ಎದುರು ವಧುಪರೀಕ್ಷೆಗೆ ಬಂದವನಂತೆ ನಿಲ್ಲಬೇಕು. ಚೌಕಾಸಿ ಮಾಡೋಣವೆಂದರೆ ಯಾರೊಡನೆ? ಬೆಲೆ ಚೀಟಿಯ ಮೇಲೆ ಅಚ್ಚಾಗಿದೆ, ಚೀಟಿಗೆ ಕಿವಿಯಿಲ್ಲ. "ಬೇಳೆ ಬೇಗ ಬೇಯುತ್ತದೆಯೇನಮ್ಮ?" ಎಂದು ಅಲ್ಲಿಯ ಹುಡುಗಿಯನ್ನು ಕೇಳಿದರೆ, "ಪ್ಯಾಕೆಟ್ ಮೇಲೆ ಐತೆ ನೋಡ್ರಿ ಸರ್" ಎಂದಳು. ನೋಡಿದೆ. ಬೆಂದ ಬೇಳೆಯ ಚಿತ್ರವಿತ್ತು.

ಗೋಡೆಯ ಮೇಲೆ, ಬಿಲ್ ಮಾಡುವ ಮೇಜಿನ ನೇರಕ್ಕೆ, ನಾನು ಟೇಪು ಕತ್ತರಿಸುತ್ತಿರುವ ಫೋಟೋವನ್ನು ಕಟ್ಟು ಹಾಕಿಸಿ ತೂಗುಹಾಕಿದ್ದರು. ಈ ಒಂದು ಕಾರಣಕ್ಕೆ ಎರಡು ತಿಂಗಳು ಉಳಿದದ್ದನ್ನೆಲ್ಲ ಸಹಿಸಿದೆ.

ಮೂರನೆಯ ತಿಂಗಳು ಆ ಕಡಲೆಕಾಯಿ ಬೀಜದ ಪ್ರಸಂಗ ನಡೆಯಿತು. ಬೀಜವನ್ನು ಒಂದು ತೊಟ್ಟಿಯಲ್ಲಿ ಬಿಡಿಯಾಗಿ ಹಾಕಿಟ್ಟಿದ್ದರು. ಎರಡು ಕೆ.ಜಿ. ತೂಗಿಸಿ, ಬಿಲ್ ಮಾಡಿಸಿ, ಹೊರಡುವವನಿಗೆ ಏನೋ ಉಳಿದುಹೋದಂತೆ ಅನ್ನಿಸಿತು. ಅರ್ಧಕ್ಷಣದಲ್ಲಿ ಹೊಳೆಯಿತು: ಕೊಸರು! ನಮ್ಮಲ್ಲಿ ಅಳತೆ ಮುಗಿದ ಮೇಲೆ ಅಂಗಡಿಯವನು ತನ್ನ ಕೈಯಾರೆ ಒಂದು ಹಿಡಿ ಹೆಚ್ಚಿಗೆ ಹಾಕದೆ ಚೀಲದ ಬಾಯಿ ಕಟ್ಟಿದರೆ ವ್ಯಾಪಾರ ಮುಗಿದಂತಲ್ಲ. ಹಾಕುವವರು ಯಾರೂ ಕಾಣಲಿಲ್ಲವಾಗಿ, ನಾನೇ ತೊಟ್ಟಿಯ ಬಳಿಗೆ ಮರಳಿ, ಒಂದು ಹಿಡಿ ತೆಗೆದು ಜುಬ್ಬದ ಜೇಬಿಗೆ ಹಾಕಿಕೊಂಡೆ. ಎರಡು ಬೀಜ ಬಾಯಿಗೂ ಬಿದ್ದವು.

ಸಮವಸ್ತ್ರದವನು ಬಾಗಿಲಿನಿಂದ ಓಡಿಬಂದ.

"ಜೇಬಿನಾಗೆ ಏನೈತ್ರಿ?"

"ಕೊಸರು."

"ಅದಕ್ಕೆ ಬಿಲ್ ಎಲ್ಲೈತ್ರಿ?"

"ಕೊಸರಿಗೆ ಬಿಲ್ ಎಲ್ಲಿಂದ ಬರಬೇಕಯ್ಯಾ?"

ಜನ ಸೇರಿದರು. ನನ್ನದೇ ಫೋಟೋದ ಕೆಳಗೆ ನಿಂತು, ಮೂವತ್ತನಾಲ್ಕು ವರ್ಷ ಮಕ್ಕಳ ಜೇಬು ಪರೀಕ್ಷಿಸಿದ ಕೈಯಿಂದ ನನ್ನ ಜೇಬನ್ನು ಹೊರಗೆಳೆದು ಮೇಜಿನ ಮೇಲೆ ಕೊಡವಿದೆ. ಆಗ ಕರಿಬಸವರಾಜ ಬಂದ. ಅವನು ಬೈದಿದ್ದರೆ ನಾನು ಕ್ಷಮಿಸಿಬಿಡುತ್ತಿದ್ದೆ. ಅವನು ನಕ್ಕು, "ಬಿಡ್ರೋ, ಬಿಡ್ರಿ. ಮೇಷ್ಟ್ರಿಗೆ ವಯಸ್ಸಾಗೈತೆ, ಮರೆವು" ಎಂದು ಹೇಳಿ, ಪಕ್ಕದಲ್ಲಿದ್ದವರಿಗೆ ಕಣ್ಣು ಮಿಟುಕಿಸಿದ. ಎರಡು ಬಾರಿ ಏಳನೆಯ ತರಗತಿ ಓದಿದವನು ನನಗೆ ಮರೆವಿನ ಪ್ರಮಾಣಪತ್ರ ಕೊಟ್ಟ.

ಆ ಮಳಿಗೆಯ ಮೆಟ್ಟಿಲನ್ನು ಮತ್ತೆ ತುಳಿಯುವುದಿಲ್ಲವೆಂದು ಹೊರಗೆ ಬಂದವನೇ ಪಣ ತೊಟ್ಟೆ. ಪಣ ತೊಡುವುದು ಸುಲಭ. ಉಪ್ಪು ಎಲ್ಲಿ ಕೊಳ್ಳುವುದು? ನಬೀ ಸಾಬನ ಅಂಗಡಿಗೆ ಯಾವ ಮುಖ ಹೊತ್ತು ಹೋಗಲಿ? ಅಕ್ಕಪಕ್ಕದ ಬೇರೆ ಅಂಗಡಿಗಳಿಗೆ ಹೋದರೆ ಅವನಿಗೆ ಸುದ್ದಿ ಮುಟ್ಟುತ್ತದೆ. ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದುದು ಉಪ್ಪೂ ಅಲ್ಲ, ಬೇಳೆಯೂ ಅಲ್ಲ, ಆ ಸ್ಟೂಲು. ಅದನ್ನು ಕೇಳುವ ಬಾಯಿ ಮಾತ್ರ ನನಗಿರಲಿಲ್ಲ. ಆದ್ದರಿಂದ ಹದಿನಾಲ್ಕು ಕಿಲೋಮೀಟರು ದೂರದ ಹರಿಹರಕ್ಕೆ ಬಸ್ಸು ಹತ್ತಿದೆ.

ಪ್ರತಿ ಸೋಮವಾರ ಹರಿಹರೇಶ್ವರನ ದರ್ಶನಕ್ಕೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿದೆ. ದೇವಸ್ಥಾನಕ್ಕೆ ಹೋಗುವ ಬೀದಿಯಲ್ಲಿ ಜಮಾಲುದ್ದೀನನೆಂಬವನ ಪುಟ್ಟ ಕಿರಾಣಿ ಅಂಗಡಿಯನ್ನು ಹಿಡಿದುಕೊಂಡೆ. ಅವನು ಸೇರನ್ನು ಗೋಪುರದಂತೆ ತುಂಬುತ್ತಿದ್ದ, ಮೇಲೊಂದು ಹಿಡಿ ಕೊಸರು ಹಾಕುತ್ತಿದ್ದ, ಮೊಮ್ಮಗಳು ಎಷ್ಟನೆಯ ಕ್ಲಾಸೆಂದು ಕೇಳುತ್ತಿದ್ದ. ಅವನ ಮಂಡಕ್ಕಿಯಂತೂ ಅಪೂರ್ವ. "ಇಂಥ ಮಂಡಕ್ಕಿ ನಮ್ಮ ದಾವಣಗೆರೆಯಲ್ಲಿ ಕಣ್ಣಿಗೂ ಬೀಳುವುದಿಲ್ಲವಯ್ಯ" ಎಂದು ಹೊಗಳಿದೆ. ಅವನು ಮೀಸೆಯಲ್ಲೇ ನಕ್ಕು, "ಹೌದೇನ್ರಿ, ಮೇಷ್ಟ್ರೆ?" ಎಂದ. ನಾನು ಮೇಷ್ಟ್ರೆಂದು ಅವನಿಗೆ ಹೇಳಿದವರಾರೆಂದು ನನಗಾಗ ಹೊಳೆಯಲಿಲ್ಲ.

ನನ್ನ ಹೆಂಡತಿ ಮರುಳಸಿದ್ದಮ್ಮ ಐದು ಸೋಮವಾರ ಸುಮ್ಮನಿದ್ದಳು. ಆರನೆಯ ಸೋಮವಾರ ನಾನು ಚೀಲ ಇಳಿಸುತ್ತಿದ್ದಂತೆ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನ್ರಿ, ಕೊರಳಾಗೆ ಲಿಂಗ ಕಟ್ಕಂಡು ದೇವ್ರನ್ನ ಬಸ್ಸಿನಾಗೆ ಹುಡುಕ್ಕಂಡು ಹೋಗ್ತೀರಲ್ಲ, ಆ ದೇವ್ರು ಪ್ರಸಾದ ಅಂತ ತೊಗರಿಬ್ಯಾಳಿ ಕೊಡ್ತಾನೇನು?"

"ದಾರಿಯಲ್ಲಿ ಸಿಕ್ಕಿತು, ತೆಗೆದುಕೊಂಡು ಬಂದೆ."

ಅವಳು ಮಂಡಕ್ಕಿಯ ಪೊಟ್ಟಣ ಬಿಚ್ಚಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಳು. ಮೊದಲು ಕಣ್ಣು ಅರಳಿತು, ಆಮೇಲೆ ನಗು ತಡೆಯಲಾರದೆ ಹೊಸ್ತಿಲ ಮೇಲೇ ಕುಳಿತುಬಿಟ್ಟಳು.

"ಕೃತಿಕಾ, ಬಾರೇ ಇಲ್ಲಿ! ನಿಮ್ಮಜ್ಜನ ಸಾಹಸ ನೋಡು. ಇದು ನಬೀ ಸಾಬ್ರ ಭಟ್ಟೀದು ಕಣೇ! ನಮ್ಮೂರ ಮಂಡಕ್ಕಿನ ಹರಿಹರಕ್ಕೋಗಿ ಕೊಂಡ್ಕಂಡು ಬಂದಾರೆ!"

ಪಿಯುಸಿ ಓದುತ್ತಿದ್ದ ಮೊಮ್ಮಗಳು ಓಡಿಬಂದು ತಾನೂ ರುಚಿ ನೋಡಿ, ತೀರ್ಪು ಕೊಟ್ಟಳು. "ಅದೇ, ಅಜ್ಜಿ. ಮೊನ್ನೆ ನಾನು ತಂದಿದ್ದು ಇದೇ."

"ನೀನು ತಂದದ್ದೆ? ಎಲ್ಲಿಂದ?" ಎಂದು ಕೇಳಿದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಮರುಳಸಿದ್ದಮ್ಮನೇ ಬಾಯಿಬಿಟ್ಟಳು. "ನೀವು ಭಾಷಣ ಬಿಗಿದ ಮಾರನೇ ದಿನದಿಂದ ಮನೆಗೆ ಸಾಮಾನು ನಬೀ ಸಾಬ್ರ ಅಂಗಡಿಯಿಂದ್ಲೇ ಬರ್ತೈತ್ರಿ. ನಿಮ್ಮ ಸಿರಿಸಂಪದದ ಬ್ಯಾಳಿ ಬೆಂದಿದ್ದರೆ ತಾನೆ? ಅದನ್ನೆಲ್ಲ ಎಮ್ಮಿಗೆ ಹಾಕ್ಬಿಟ್ಟೆ. ಹರಿಹರದ ಜಮಾಲುದ್ದೀನ ನಬೀ ಸಾಬ್ರ ತಂಗಿ ಗಂಡ. ನೀವು ಅಲ್ಲಿಗೆ ಹೋದ ಮೊದಲ್ನೇ ಸೋಮವಾರನೇ ಇಲ್ಲಿಗೆ ಸುದ್ದಿ ಬಂತು."

ಅಂದರೆ ಇಷ್ಟು ದಿನವೂ ಇಡೀ ಬೀದಿಗೆ ತಿಳಿದಿತ್ತು. ತಿಳಿಯದೆ ಇದ್ದವನು, ಕಳ್ಳನಂತೆ ಗಲ್ಲಿ ಸುತ್ತಿ ಬಸ್ ನಿಲ್ದಾಣ ಸೇರುತ್ತಿದ್ದ ನಾನೊಬ್ಬನೇ. ಎಮ್ಮೆಗೂ ನನಗಿಂತ ಹೆಚ್ಚು ತಿಳಿದಿರಬೇಕು.

"ಬಾ ಅಜ್ಜ, ಹೋಗಿಬರೋಣ" ಎಂದು ಕೃತಿಕಾ ಕೈಹಿಡಿದಳು. "ನಬೀ ಅಜ್ಜ ಏನೂ ಅನ್ನಲ್ಲ."

"ಅವನು ಏನಾದರೂ ಅನ್ನಬೇಕಮ್ಮ. ಅನ್ನದಿದ್ದರೇ ಕಷ್ಟ" ಎಂದೆ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಹೋದೆವು. ಅಂಗಡಿಯಲ್ಲಿ ಎದುರುಮನೆಯ ಹೊನ್ನಕ್ಕ, ಇನ್ನೂ ಮೂರು ನಾಲ್ಕು ಜನ ಇದ್ದರು. ನನ್ನ ಸ್ಟೂಲಿನ ಮೇಲೆ ಒಂದು ಉಪ್ಪಿನ ಮೂಟೆ. ನಬೀ ಸಾಬ ನನ್ನನ್ನು ನೋಡಿದ, ಎದ್ದು ಬಂದ, ಮೂಟೆಯನ್ನು ಎರಡೂ ಕೈಯಿಂದ ತಬ್ಬಿ ಕೆಳಗಿಳಿಸಿದ, ಹೆಗಲ ಟವೆಲಿನಿಂದ ಸ್ಟೂಲನ್ನು ಒರೆಸಿದ.

"ಬರ್ರಿ ಮೇಷ್ಟ್ರೆ, ಕೂಡ್ರಿ. ಬೇರೆ ಯಾರೂ ಕುಂದರಬಾರ್ದು ಅಂತ ಉಪ್ಪು ಇಟ್ಟಿದ್ದೆ."

ಹೊನ್ನಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ದೇವ್ರು ಹೆಂಗೈದಾನ್ರಿ ಹರಿಹರದಾಗೆ?"

"ಚೆನ್ನಾಗಿದ್ದಾನೆ" ಎಂದೆ. "ನಿಮ್ಮನ್ನು ಕೇಳಿದ."

ನಕ್ಕರು. ನಾನು ಕುಳಿತೆ. ಮೈಕಿನಲ್ಲಿ ಬಾಯಿತುಂಬ ಬೈಯುವವನಿಗೆ ಸ್ಟೂಲಿನ ಮೇಲೆ ಕುಳಿತು ತಪ್ಪಾಯಿತೆನ್ನಲು ಒಂದು ಶಬ್ದವೂ ಸಿಗಲಿಲ್ಲ. ಸಂಕೋಚ ಮುಚ್ಚಲು ನಾನು ಕೈಗೆ ಸಿಕ್ಕ ಹಳೆಯ ಹೊದಿಕೆಯನ್ನೇ ಎಳೆದುಕೊಂಡೆ: ಐವತ್ತೊಂಬತ್ತನೆಯ ಇಸವಿ, ಉಜ್ಜನಪ್ಪ, ಮುಟ್ಟದ ನೀರು, ಬಾತಿಯ ನಾಯಿಗಳು.

ನಬೀ ಸಾಬ ಮಂಡಕ್ಕಿ ಅಳೆಯುತ್ತಲೇ ಕೇಳುತ್ತಿದ್ದ. "ಆಮೇಲೆ, ಮೇಷ್ಟ್ರೆ?"

"ಆಮೇಲೇನು! ನಲವತ್ತು ವರ್ಷದಲ್ಲಿ ಒಂದು ಹನಿ ಸೋರಿಲ್ಲ!"

ಸೇರಿನ ಮೇಲೆ ಕೊಸರು ಹಾಕಲು ಎತ್ತಿದ ಅವನ ಕೈ ಗಾಳಿಯಲ್ಲೇ ನಿಂತಿತು. ಅಷ್ಟೆ. ಆ ಕೈ ಪ್ರತಿಸಲವೂ ಇದೇ ವಾಕ್ಯಕ್ಕೆ ಹೀಗೆಯೇ ನಿಲ್ಲುತ್ತಿತ್ತೇನೋ; ನಾನು ಕಂಡದ್ದು ಅಂದೇ ಮೊದಲು.

"ಸುಳ್ಳು" ಎಂದೆ.

ಹೊನ್ನಕ್ಕ ಬೆಲ್ಲ ಮುರಿಯುವುದನ್ನು ನಿಲ್ಲಿಸಿದಳು.

"ತಂದ ಮೂರನೆಯ ದಿನವೇ ಸೋರಿತು. ತಳದಲ್ಲಿ ಬಿರುಕಿತ್ತು, ಉಜ್ಜನಪ್ಪ ಮೇಣ ತುಂಬಿ, ಮೇಲೆ ಮಸಿ ಬಳಿದಿದ್ದ. ಅರ್ಧ ಬೆಲೆಗೆ ಯಾಕೆ ಕೊಟ್ಟನೆಂದು ನನಗೆ ಆಗ ತಿಳಿಯಿತು. ಮರುದಿನ ಮಾವನವರು ಬರುವವರಿದ್ದರು. ಹಂಡೆಗೆ ಕಂಬಳಿ ಸುತ್ತಿಕೊಂಡು ಇವನ ತಂದೆ, ಕಲಾಯಿ ಹಾಕುತ್ತಿದ್ದ ಅಮೀರ್ ಜಾನ್ ಸಾಹೇಬರ ಹತ್ತಿರ ಓಡಿದೆ. ಬೇರೆ ಕೆಲಸ ಬದಿಗಿಟ್ಟು ಬೆಸುಗೆ ಹಾಕಿಕೊಟ್ಟರು. ಯಾರಿಗೂ ಹೇಳಬೇಡಿರೆಂದು ಕೈ ಹಿಡಿದುಕೊಂಡೆ. ಸಾಯುವವರೆಗೆ ಹೇಳಲಿಲ್ಲ. ಅಂದು ಪಕ್ಕದಲ್ಲಿ ಕುಳಿತು ತಿದಿ ಒತ್ತುತ್ತಿದ್ದ ಅವರ ಮಗನೂ, ಇದೇ ಅಂಗಡಿಯಲ್ಲಿ ನನ್ನ ಪ್ರತಾಪವನ್ನು ಸಾವಿರ ಸಲ ಕೇಳಿದನೇ ಹೊರತು, ಹೇಳಲಿಲ್ಲ. ಇಂಥವನ ಊರಿನಲ್ಲಿ ನಿಂತು ನಾನು ತಕ್ಕಡಿಯ ಮೇಲಿನ ಬೆರಳಿನ ಮಾತಾಡಿದೆ. ಆ ಬೆರಳು ಇವನದಲ್ಲ. ಇದನ್ನು ಹೇಳಲು ಮೈಕು ಇಲ್ಲ. ಹೊನ್ನಕ್ಕ ಇದ್ದಾಳೆ, ಅದಕ್ಕಿಂತ ದೂರ ಮುಟ್ಟುತ್ತದೆ."

"ನಾನ್ಯಾಕ ಹೇಳ್ಲಿ!" ಎಂದಳು ಹೊನ್ನಕ್ಕ, ಆಗಲೇ ಚೀಲ ಎತ್ತಿಕೊಳ್ಳುತ್ತ.

ನಬೀ ಸಾಬ ಇನ್ನೊಂದು ಕೈಯಿಂದ ತಕ್ಕಡಿಯನ್ನು ಬದಿಗೆ ಸರಿಸಿದ. "ಬಿಡ್ರಿ ಮೇಷ್ಟ್ರೆ. ನಮ್ಮ ಅಬ್ಬಾಗೆ ಆ ಹಂಡೆ ಅಂದ್ರೆ ಭಾಳ ಅಭಿಮಾನ ಇತ್ತು. ನೀವು 'ಹನಿ ಸೋರಿಲ್ಲ' ಅಂದಾಗೆಲ್ಲ ನನಗೆ ಅವರ ಬೆಸುಗೆನ ಹೊಗಳಿದಂಗೆ ಕೇಳ್ತಿತ್ತು. ಅದಕ್ಕೇ ಸುಮ್ನೆ ಕೇಳ್ತಿದ್ದೆ." ಎಂದವನೇ, ನಿಂತಿದ್ದ ಹಿಡಿಯನ್ನು ನನ್ನ ಚೀಲಕ್ಕೆ ಸುರಿದ, ಮೇಲೆ ಇನ್ನೊಂದು ಹಿಡಿ ಹಾಕಿದ.

ನನಗೆ ಕನ್ನಡಕ ಒರೆಸಿಕೊಳ್ಳುವ ಕೆಲಸ ಬಂತು. ಕೃತಿಕಾ ಚೀಲಕ್ಕೆ ಕೈಹಾಕಿ ಮಂಡಕ್ಕಿ ತೆಗೆದು, ಉಪ್ಪಿನ ಮೂಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು.

"ಅಜ್ಜ, ಇನ್ನೊಂದ್ಸಲ ಹೇಳು" ಎಂದಳು. "ಈ ಸಲ ಬಿರುಕಿನಿಂದ ಶುರು ಮಾಡು."