ಕೋಳಿಯಂಗಳದ ಬೂದಿ

ಮೊಟ್ಟೆಯ ವರದಿ ಬಂದಾಗ ನನ್ನ ಗಂಡ ತೀರಿಕೊಂಡು ಎಂಟು ತಿಂಗಳಾಗಿತ್ತು. ತಂದವರು ನಮ್ಮ ಬೀದಿಯ ಮೇಷ್ಟ್ರು, ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು.

ನಮ್ಮ ಹಿತ್ತಿಲಿನಿಂದ ಕಸ ಸುಡುವ ಕಾರ್ಖಾನೆಯ ಚಿಮಣಿ ಎದುರಿಗೇ ಕಾಣುತ್ತದೆ. ಕುಲುಮೆ ಆರಿಸಿ ಮತ್ತೆ ಹೊತ್ತಿಸುವ ದಿನ ಹೊಗೆ ಕಂದಾಗಿರುತ್ತದೆ; ಒಣಹಾಕಿದ ಬಟ್ಟೆಯನ್ನು ಇನ್ನೊಮ್ಮೆ ಒಗೆಯಬೇಕು. ಬೆಂಕಿ ಸಾಕಷ್ಟು ಕಾಯದೆ ಪ್ಲಾಸ್ಟಿಕ್ ಉರಿದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಗಾಳಿಯಲ್ಲಿ ಅದನ್ನು ಹಿಡಿದು ಅಳೆಯುವುದು ಕಷ್ಟ. ಮಣ್ಣಿಗೆ ಇಳಿದ ಮೇಲೆ ಕೋಳಿ ಕೆದಕಿ ತಿನ್ನುತ್ತದೆ, ಅದರ ಕೊಬ್ಬಿನಲ್ಲಿ ಉಳಿಯುತ್ತದೆ, ಮೊಟ್ಟೆಯ ಹಳದಿಯಲ್ಲಿ ಸಿಗುತ್ತದೆ. ಆದ್ದರಿಂದ ಮೇಷ್ಟ್ರು ಎರಡು ಮನೆಗಳಿಂದ ಪರೀಕ್ಷೆಗೆಂದು ಮೊಟ್ಟೆ ಕೇಳಿ ಪಡೆದಿದ್ದರು, ನಮ್ಮದು ಮತ್ತು ಪಕ್ಕದ ದರ್ಜಿಯದು.

ಅತ್ತೆ ಅಂದು ಮೊಟ್ಟೆ ಒರೆಸಿ ಕೊಡುತ್ತಾ, "ನನ್ನ ಕೋಳಿಗಳನ್ನ ಸಾಕ್ಷಿ ಹೇಳೋಕೆ ಕರೀತೀರಾ ಮೇಷ್ಟ್ರೇ? ನಿಮ್ಮಷ್ಟು ಮಾತಾಡಲ್ಲ ಬಿಡಿ ಅವು" ಎಂದಿದ್ದರು.

ದರ್ಜಿಯ ಮನೆಯ ಮೊಟ್ಟೆ ಮಿತಿಗಿಂತ ಕೂದಲೆಳೆಯಷ್ಟು ಕೆಳಗಿತ್ತು. ನಮ್ಮದು ಮಿತಿಯ ಹನ್ನೊಂದು ಪಟ್ಟು.

ನನ್ನ ಮಗಳಿಗೆ ನಾಲ್ಕು ವರ್ಷ. ದಿನಾ ಬೆಳಿಗ್ಗೆ ಅತ್ತೆ ಅವಳಿಗೆ ಒಂದು ಮೊಟ್ಟೆ ಬೇಯಿಸಿ, ಸುಲಿದು, ಉಫ್ ಎಂದು ಆರಿಸಿ ಕೊಡುತ್ತಿದ್ದರು. ಅವಳು ಹಳದಿ ಬಿಟ್ಟರೆ ಅತ್ತೆ ಬಿಡುತ್ತಿರಲಿಲ್ಲ.

ಕಾರ್ಖಾನೆಯ ಎರಡನೇ ಕುಲುಮೆಗೆ ಅನುಮತಿ ಕೊಡುವ ಬಗ್ಗೆ ಶುಕ್ರವಾರ ಸಾರ್ವಜನಿಕ ವಿಚಾರಣೆಯಿತ್ತು. ನಮ್ಮ ವರದಿಯನ್ನು ಅಲ್ಲಿ ಮುಂದಿಡೋಣ, ದರ್ಜಿಯದು ಬೇಡ ಎಂದರು ಮೇಷ್ಟ್ರು. ನಮ್ಮ ಮನೆಯ ಮೇಲೆ ಹೊಗೆ ಹೆಚ್ಚು ಇಳಿಯುತ್ತದೆ ಎಂದು ಅವರ ಲೆಕ್ಕ. ಎರಡೂ ಮನೆಗಳ ನಡುವೆ ಇರುವುದು ಒಂದು ಗೋಡೆ. ಗೋಡೆಯ ಈಚೆಗೆ ಬೇರೆ ಗಾಳಿ ಬೀಸುವುದಿಲ್ಲ.

ವ್ಯತ್ಯಾಸ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು.

ನನ್ನ ಗಂಡ ಅದೇ ಕಾರ್ಖಾನೆಯಲ್ಲಿ ಕುಲುಮೆ ನೋಡಿಕೊಳ್ಳುತ್ತಿದ್ದ. ಗೇಟಿನ ಪಕ್ಕ ಬೂದಿಯ ಗುಡ್ಡೆ ಇರುತ್ತಿತ್ತು. ಬೇಕಾದವರು ಒಯ್ಯಬಹುದೆಂದು ಹಲಗೆ ಹಾಕಿದ್ದರು. ಕೋಳಿಯಂಗಳ ಕೆಸರಾಗುತ್ತದೆ ಎಂದು ಅತ್ತೆ ಗೊಣಗುತ್ತಿದ್ದುದನ್ನು ಕೇಳಿ ಅವನು ಬೈಕಿನ ಹಿಂದೆ ಚೀಲ ಕಟ್ಟಿಕೊಂಡು ಬಂದ. ಒಂದಲ್ಲ, ಒಂಬತ್ತು ಸಲ. ಅಂಗಳ ಒಣಗಿತು. ಕೋಳಿಗಳು ಅದರಲ್ಲೇ ಹೊರಳಾಡಿ ಹೇನು ಕಳೆದುಕೊಂಡವು. ಮಗನ ಬುದ್ಧಿಯನ್ನು ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಮಗಳ ಕಾಲಿಗೆ ಗಾಜಿನ ಚೂರು ಚುಚ್ಚೀತೆಂದು ಆ ಬೂದಿಗೆ ಜರಡಿ ಹಿಡಿದವಳೂ ನಾನೇ. ಜರಡಿಯ ಕೆಳಗೆ ಬಿದ್ದದ್ದು ಹಿಟ್ಟಿನಷ್ಟು ನುಣ್ಣಗಿತ್ತು. ಚಿಮಣಿಯ ಫಿಲ್ಟರುಗಳು ಹಿಡಿದಿಟ್ಟ ಬೂದಿ ಹಾಗಿರುತ್ತದೆ; ಡಯಾಕ್ಸಿನ್ ಹೆಚ್ಚು ಸೇರುವುದೂ ಅದರಲ್ಲೇ. ನನಗೆ ಆಗ ಏನೂ ಹೊಳೆಯಲಿಲ್ಲ.

ಅವನಿಗೆ ಮೂವತ್ನಾಲ್ಕಕ್ಕೆ ಕ್ಯಾನ್ಸರ್ ಬಂತು. ಕಾರ್ಖಾನೆಯಿಂದಲೇ ಬಂತೇ ಎಂದು ಡಾಕ್ಟರನ್ನು ಕೇಳಿದೆ. ಒಬ್ಬ ಮನುಷ್ಯನ ವಿಷಯದಲ್ಲಿ ಹಾಗೆ ಹೇಳಲು ಬರುವುದಿಲ್ಲ ಎಂದರು. ಪ್ರಾಮಾಣಿಕ ಉತ್ತರ. ಅದನ್ನಿಟ್ಟುಕೊಂಡು ಏನು ಮಾಡಬೇಕೆಂದು ಇನ್ನೂ ತಿಳಿದಿಲ್ಲ.

ಬೂದಿಯ ವಿಷಯ ಮೇಷ್ಟ್ರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ಇದನ್ನ ಬಾಯಿ ಬಿಡಬೇಡಮ್ಮಾ. ತಪ್ಪು ಅವನದು ಅಂತಾರೆ. ಸತ್ತವನ ತಲೆಗೆ ಕಟ್ಟೋದು ಬಹಳ ಸುಲಭ."

"ನಾವು ಮುಚ್ಚಿಟ್ಟು ಅವರೇ ಕಂಡುಹಿಡಿದ್ರೆ?"

ಅವರು ಕನ್ನಡಕ ಹಾಕಿಕೊಂಡರು. ಎರಡೂ ವರದಿಗಳನ್ನು ಮೇಜಿನ ಮೇಲೆ ಬಿಟ್ಟು ಹೊರಟರು.

ಮುಚ್ಚಿಡುವುದು ಮನೆಯೊಳಗೆ ಇನ್ನೂ ಸುಲಭವಿತ್ತು. ಎಲ್ಲವನ್ನೂ ಚಿಮಣಿಯ ಮೇಲೆ ಹಾಕಿದ್ದರೆ ಅತ್ತೆ ನಂಬುತ್ತಿದ್ದರು. ಆದರೆ ಆ ಅಂಗಳ ಹಾಗೇ ಉಳಿಯುತ್ತಿತ್ತು, ಮಗಳು ಅಲ್ಲೇ ಕೂತು ಆಡುತ್ತಿದ್ದಳು. ಬೂದಿ ತಂದ ಬೇರೆ ಮನೆಗಳೂ ಇದ್ದವು. ಅತ್ತೆ ಕಾಳು ಆರಿಸುತ್ತಿದ್ದರು. ಎದುರಿಗೆ ಕುಳಿತು ಮೊದಲಿನಿಂದ ಹೇಳಿದೆ. ಅವರ ಕೈ ನಿಲ್ಲಲಿಲ್ಲ.

"ಅವನಿಗೆ ಗೊತ್ತಿತ್ತಾ?"

"ಇಲ್ಲ ಅತ್ತೆ."

"ನಿಂಗೆ?"

"ಗೊತ್ತಿರಬೇಕಿತ್ತು."

ಮೊರವನ್ನು ಪಕ್ಕಕ್ಕಿಟ್ಟರು. "ಇಷ್ಟು ಓದ್ಸಿದ್ರಲ್ಲೇ ನಿಮ್ಮಪ್ಪ" ಎಂದರು. ದನಿ ಏರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿ, ಮಗಳ ಕೈಕಾಲು ತೊಳೆಸಿದರು. ಉಗುರಿನ ಸಂದಿಯನ್ನೂ ಬಿಡದೆ ಉಜ್ಜಿದರು; ಅವಳು ನೋಯುತ್ತದೆ ಎಂದು ಅತ್ತಳು. ರಾತ್ರಿ ಮಲಗುವ ಮುನ್ನ ನನ್ನ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದರು: "ಶುಕ್ರವಾರ ನಾನೂ ಬರ್ತೀನಿ. ಅವನ ವಿಷ್ಯ ನೀನು ಎತ್ತಬೇಡ. ನಾನು ಹೇಳ್ತೀನಿ."

ವಿಚಾರಣೆಯ ಕೋಣೆಯಲ್ಲಿ ಫ್ಯಾನಿನ ಸದ್ದಿಗೆ ಹಿಂದಿನವರಿಗೆ ಏನೂ ಕೇಳುತ್ತಿರಲಿಲ್ಲ. ನಾನು ಎರಡೂ ವರದಿ ಓದಿದೆ, ಬೂದಿಯ ಮಾತೂ ತಿಳಿಸಿದೆ. ಮೇಷ್ಟ್ರು ನೆಲ ನೋಡುತ್ತಿದ್ದರು. ಅವರು ಹೆದರಿದಂತೆಯೇ ಕಾರ್ಖಾನೆಯ ಮ್ಯಾನೇಜರು ಎದ್ದು ನಿಂತು, ಹಾಗಾದರೆ ಇದು ಚಿಮಣಿಯ ತೊಂದರೆಯಲ್ಲ, ಯಾರೋ ತಿಳಿಯದೆ ಮಾಡಿಕೊಂಡ ತಪ್ಪು ಎಂದರು. ಬೂದಿ ಒಯ್ದವರು ಯಾರೆಂದು ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ಕೇಳಿದರು.

ಅತ್ತೆ ಕುರ್ಚಿಯ ಬೆನ್ನು ಹಿಡಿದು ಎದ್ದರು.

"ನನ್ನ ಮಗ. ಬರ್ಕೊಳ್ಳಿ." ಅಧಿಕಾರಿ ಬರೆದುಕೊಳ್ಳುವ ತನಕ ಕಾದರು. "ಬೇಕಾದೋರು ಒಯ್ಯಿರಿ ಅಂತ ಹಲಗೆ ಹಾಕಿದ್ದು ಇವರು. ಅದನ್ನೂ ಬರ್ಕೊಳ್ಳಿ. ಚಿಮಣೀಲಿ ಹೋದ್ರೆ ವಿಷ ಅಂತ ತಡೆದು ಹಿಡಿದದ್ದನ್ನ ನಮ್ಮ ಮಕ್ಕಳ ಕೈಲಿ ಮನೆಗೆ ಕಳಿಸಿದ್ರಲ್ಲ, ಅದಕ್ಕೆ ಏನಂತ ಬರೀತೀರಿ?"

ಅಧಿಕಾರಿ ಮ್ಯಾನೇಜರನ್ನು ನೋಡಿದರು. ಹಿಂದಿನ ಸಾಲಿನಲ್ಲಿ ಒಬ್ಬಳು ಎದ್ದು ತನ್ನ ಅಣ್ಣನೂ ತಂದಿದ್ದ ಎಂದಳು. ಆಮೇಲೆ ಇನ್ನೊಬ್ಬರು, ತರಕಾರಿ ಮಡಿಗೆ ಹಾಕಿದ್ದೆವು ಎಂದು. ತೀರ್ಮಾನವನ್ನು ಮುಂದೂಡಿದರು.

ಮಗಳ ರಕ್ತವನ್ನು ಪರೀಕ್ಷೆಗೆ ಕಳಿಸಿದ್ದೇವೆ. ಮೈಯ ಕೊಬ್ಬಿಗೆ ಸೇರಿದ ಡಯಾಕ್ಸಿನ್ ದೊಡ್ಡವರಲ್ಲಿ ಅರ್ಧಕ್ಕೆ ಇಳಿಯಲು ಏಳು ವರ್ಷವಾದರೂ ಬೇಕು. ಬೆಳೆಯುವ ಮಕ್ಕಳಲ್ಲಿ ಬೇಗ ಇಳಿಯಬಹುದಂತೆ. ಅತ್ತೆ ಅದನ್ನು ನನ್ನಿಂದ ಎರಡು ಸಲ ಹೇಳಿಸಿಕೊಂಡರು. ಅರ್ಧ ಹೋದ ಮೇಲೆ ಉಳಿದರ್ಧಕ್ಕೆ ಎಷ್ಟು ವರ್ಷ ಎಂದು ಕೇಳಿದರು. ಅದರ ಅರ್ಧ ಹೋಗಲು ಮತ್ತೆ ಅಷ್ಟೇ ಎಂದೆ.